ಮೂರು ಸಾಲಿನ ಸೋರಿಕೆ

ಗುಮಾಸ್ತನ ಬಳಿ ದೊಡ್ಡ ಇಂಗ್ಲಿಷ್ ಪದಗಳಿರಲಿಲ್ಲ. ಸಣ್ಣವು ಸುಮಾರು ನಲವತ್ತು ಇದ್ದವು. ಎರಡು ಆಸ್ಪತ್ರೆ, ನಾಲ್ಕು ಹೋಟೆಲುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಅವನು ಆ ನಲವತ್ತರಲ್ಲೇ ಸಂಸಾರ ತೂಗಿಸಿದ್ದ. ಪೈಪು, ಬೆಲ್ಟು, ಲೀಕು, ಹೀಟು, ಚೇಂಜು. ಯಂತ್ರಗಳಿಗೆ ಬರುವ ಕಾಯಿಲೆಗಳೂ ಅಷ್ಟೇ ಇದ್ದುದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ತೊಂದರೆಯಾದದ್ದು ಮೇಲ್ವಿಚಾರಕ ನಿವೃತ್ತನಾದ ಮೇಲೆ. ಮೇಲ್ವಿಚಾರಕನಿಗೆ ಮಹಡಿಯಲ್ಲಿ ಕಿಟಕಿಯಿರುವ ಒಂದು ಕೋಣೆ. ಗುಮಾಸ್ತನ ಮೇಜು ಇದ್ದದ್ದು ಕೆಳಗೆ, ನಾಲ್ಕು ಮೆಟ್ಟಿಲು ತಗ್ಗಿನಲ್ಲಿದ್ದ ಒಗೆಯುವ ಹಾಲಿನಲ್ಲಿ, ಬಾಯ್ಲರಿನ ಗೋಡೆಗೆ ಅಂಟಿಕೊಂಡು. ಹನ್ನೊಂದು ವರ್ಷದಿಂದ ಅವನ ಅಂಗಿ ಒಣಗಿರಲಿಲ್ಲ. ಕೆಮ್ಮು ಮೊದಮೊದಲು ನೆಂಟರ ಹಾಗೆ ಬಂದು ಹೋಗುತ್ತಿತ್ತು, ಆಮೇಲೆ ಮನೆಯಳಿಯನ ಹಾಗೆ ಉಳಿದುಬಿಟ್ಟಿತು. ಒಣ ಜಾಗದಲ್ಲಿ ಕೂರುವ ಕೆಲಸ ನೋಡಿಕೋ, ಇಲ್ಲದಿದ್ದರೆ ನನ್ನ ಹತ್ತಿರ ಬರಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವನಿಗೆ ಗೊತ್ತಿದ್ದ ಒಣ ಜಾಗ ಆ ಕೋಣೆಯೊಂದೇ.

ಆ ಕೋಣೆಗೆ ಇಬ್ಬರು ಹಿರಿತನದಲ್ಲಿ ಸಮನಾಗಿದ್ದರು: ಅವನು, ಮತ್ತು ಇಸ್ತ್ರಿ ವಿಭಾಗದ ಯಜಮಾನಿ. ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಹನ್ನೆರಡು ಹೆಂಗಸರನ್ನೂ ಹನ್ನೆರಡು ಇಸ್ತ್ರಿ ಪೆಟ್ಟಿಗೆಗಳನ್ನೂ ಒಂದೇ ದನಿಯಲ್ಲಿ ಬಯ್ಯುತ್ತಿದ್ದವಳು. ಮೇಲ್ವಿಚಾರಕನಾದವನು ವಾರಕ್ಕೊಮ್ಮೆ ಆಸ್ಪತ್ರೆಗಳಿಗೆ ಇಂಗ್ಲಿಷಿನಲ್ಲಿ ವರದಿ ಬರೆಯಬೇಕಿತ್ತು. ಇಸ್ತ್ರಿ ಅಕ್ಕನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ತನ್ನ ಸಹಿ ಮಾತ್ರ. ಅದನ್ನೂ ಅವಳು ಬಟ್ಟೆಯ ಮೇಲೆ ಗುರುತು ಹೊಲಿದಂತೆ ಹಾಕುತ್ತಿದ್ದಳು. ಹಾಗಾಗಿ ಗುಮಾಸ್ತನ ಹೆಂಡತಿ ಕೋಣೆಯ ಕಿಟಕಿಗೆ ಪರದೆಯ ಅಳತೆ ಕೇಳತೊಡಗಿದ್ದಳು.

ಅವಳ ತಮ್ಮ ಮಾತ್ರ ಒಪ್ಪಲಿಲ್ಲ. ಆತ ಸಂಜೆ ಹೊತ್ತು ಇಂಗ್ಲಿಷ್ ತರಗತಿ ನಡೆಸುತ್ತಿದ್ದ. ನೂರು ದಿನಕ್ಕೆ ಸಾವಿರ ಪದ ಕಲಿಸುವ ಒಂದು ಪುಸ್ತಕವನ್ನು ತಾನೇ ಬರೆದು, ತಾನೇ ಅಚ್ಚು ಹಾಕಿಸಿ, ನೆಂಟರಿಷ್ಟರಿಗೇ ಮಾರಿ ಮುಗಿಸಿದ್ದ. ನಲವತ್ತು ಪದ ಇಟ್ಟುಕೊಂಡು ವರದಿ ಬರೆಯುವುದೆಂದರೆ ಚಡ್ಡಿಯಲ್ಲಿ ಮದುವೆಗೆ ಹೋದಂತೆ ಎಂಬುದು ಅವನ ಅಭಿಪ್ರಾಯ. ಪುಸ್ತಕದ ಒಂದೊಂದು ಪಾಠದಲ್ಲಿ ಒಂದೇ ವಿಷಯದ ಹತ್ತು ಪದ. ಒಂದೊಂದನ್ನೂ ಅದೇ ದಿನ ಮೂರು ಸಲ ನಾಲ್ಕು ಜನರ ಎದುರು ಬಳಸಬೇಕು.

"ಔಷಧಿ ಥರ ಭಾವ," ಎಂದಿದ್ದ. "ಮೂರು ಹೊತ್ತೂ ತಗೊಂಡ್ರೆ ಮೈಗೆ ಹತ್ತುತ್ತೆ. ಒಂದು ಹೊತ್ತು ತಪ್ಪಿಸಿದ್ರೆ ದುಡ್ಡು ದಂಡ."

ಗುಮಾಸ್ತ ಒಂದು ಹೊತ್ತೂ ತಪ್ಪಿಸಲಿಲ್ಲ. ಹೊಗಳಿಕೆಯ ಪಾಠವಿದ್ದ ದಿನ ತರಕಾರಿಯವಳ ಬದನೆಕಾಯಿಯನ್ನು ಹೊಗಳಿದ, ಅವಳು ಬಯ್ಗುಳವೆಂದು ತಿಳಿದು ತೂಕದಲ್ಲಿ ಮೋಸ ಮಾಡಿದಳು. ಜಿಪುಣತನದ ಪಾಠವಿದ್ದ ದಿನ ಮನೆ ಮಾಲೀಕನನ್ನು ಮೂರು ಸಲ ಮಾತಾಡಿಸಿದ, ಆತ ಹೊಗಳಿಕೆಯೆಂದು ತಿಳಿದು ಕೈಕುಲುಕಿದ. ಹೀಗೆ ಹದಿನಾರು ಪಾಠ ಮುಗಿದಿದ್ದವು.

ಬಡ್ತಿ ಯಾರಿಗೆಂದು ಹೇಳಲು ಮಾಲೀಕರು ಬರುವುದೆಂದು ನಿಗದಿಯಾಗಿದ್ದದ್ದು ಗುರುವಾರ ಸಂಜೆ ನಾಲ್ಕು ಗಂಟೆಗೆ. ಆ ದಿನಕ್ಕೆ ಬಂದದ್ದು ಹದಿನೇಳನೇ ಪಾಠ. ಅದರ ವಿಷಯ ಅನಾಹುತಗಳು.

ಬೆಳಿಗ್ಗೆ ಮನೆಯಲ್ಲಿ ಮಗನ ಗಣಿತದ ಅಂಕಪಟ್ಟಿಯನ್ನು ನೋಡಿ ಅವನು ಒಂದು ಪದ ಬಳಸಿದ. ಮಹಾಪ್ರಳಯ ಎಂದು ಅದರ ಅರ್ಥ. ಹೆಂಡತಿ, "ಮಗು ಬೆಳಿಗ್ಗೆ ಬೆಳಿಗ್ಗೆ ಅಳುತ್ತೆ, ಅದೇನು ಅನ್ಬೇಕೋ ಆಫೀಸಲ್ಲಿ ಅನ್ಕೊಳ್ಳಿ," ಎಂದು ಬುತ್ತಿ ಕೈಗಿಟ್ಟಳು. ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ, ಮಾತಾಡಲು ಎಲ್ಲಿಯ ಜಾಗ. ಹೀಗಾಗಿ ಎಂಟು ಗಂಟೆಗೆ ಲಾಂಡ್ರಿಯ ಮೆಟ್ಟಿಲಿಳಿಯುವಾಗ ಅವನ ಹೊಟ್ಟೆಯಲ್ಲಿ ಒಂಬತ್ತು ಅನಾಹುತಗಳು ಹಾಗೇ ಉಳಿದಿದ್ದವು.

ಮೂರನೇ ಯಂತ್ರಕ್ಕೆ ನೀರು ತರುವ ಪೈಪಿನ ಜೋಡಣೆಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಏಳೆಣಿಸಿದರೆ ಒಂದು ತೊಟ್ಟು. ಒಳಗಿನ ರಬ್ಬರು ಬಿಲ್ಲೆ ಸವೆದಿತ್ತು, ಅಷ್ಟೇ. ಇಂಥದ್ದನ್ನು ಕಂಡವರು ಬಾಗಿಲ ಬಳಿ ದಾರ ಕಟ್ಟಿ ನೇತುಹಾಕಿದ್ದ ಪಾಳಿ ಪುಸ್ತಕದಲ್ಲಿ ಬರೆಯಬೇಕು, ಬರೆಯುವುದು ಗುಮಾಸ್ತನ ಕೆಲಸ. ಕಾರ್ಖಾನೆ ಶುರುವಾದಾಗ ಬೇರೆ ದೇಶದಿಂದ ಬಂದಿದ್ದ ಫೋರ್‌ಮನ್ ಅದನ್ನು ಇಂಗ್ಲಿಷಿನಲ್ಲಿ ಆರಂಭಿಸಿದ್ದ. ಅವನು ಹೋಗಿ ಮೂವತ್ತು ವರ್ಷವಾಗಿತ್ತು, ಇಂಗ್ಲಿಷು ಹೋಗಿರಲಿಲ್ಲ. ಪ್ರತಿಯೊಬ್ಬರೂ ಬೆಳಿಗ್ಗೆ ಅದನ್ನು ಓದಿ ಕೆಳಗೆ ಸಹಿ ಹಾಕಬೇಕು. ಸಹಿ ಹಾಕಿದರೆ ಓದಿದ್ದೇನೆ, ಅರ್ಥವಾಗಿದೆ, ನನ್ನ ಪಾಲಿನ ಕೆಲಸ ಮಾಡುತ್ತೇನೆ ಎಂದು ಲೆಕ್ಕ. ಸಹಿ ಇಲ್ಲದಿದ್ದರೆ ಆ ದಿನದ ಹಾಜರಿ ಇಲ್ಲ. ಯಾರಿಗೂ ಓದುವ ಕಷ್ಟವಿರಲಿಲ್ಲ, ಯಾಕೆಂದರೆ ಯಾರೂ ಓದುತ್ತಿರಲಿಲ್ಲ. ಪೈಪು, ಲೀಕು ಎಂಬ ಪದಗಳ ಆಕಾರವನ್ನು ಎಲ್ಲರೂ ದೂರದ ನೆಂಟರ ಮುಖದಂತೆ ಗುರುತು ಹಿಡಿಯುತ್ತಿದ್ದರು. ಇಸ್ತ್ರಿ ಅಕ್ಕನಿಗಂತೂ ಗುಮಾಸ್ತನೇ ಓದಿ ಹೇಳುತ್ತಿದ್ದ.

ಬೇರೆ ದಿನವಾಗಿದ್ದರೆ ಗುಮಾಸ್ತ ಬರೆಯುತ್ತಿದ್ದದ್ದು ನಾಲ್ಕೇ ಪದ. ಆದರೆ ಸಂಜೆ ಮಾಲೀಕರು ಈ ಪುಸ್ತಕವನ್ನು ತೆರೆದು ನೋಡುವವರಿದ್ದರು. ಅವನು ಪೆನ್ನಿನ ಮುಚ್ಚಳ ತೆಗೆದು ಮೂರು ಸಾಲು ಬರೆದ. ಒಂಬತ್ತು ಪದಗಳೂ ಸೀರೆಯ ಅಂಚಿನಂತೆ ಸಾಲಾಗಿ ಕೂತವು. ಪೈಪು, ಲೀಕು, ಮೂರು ಎಂಬ ಬಡ ಪದಗಳನ್ನು ತೆಗೆದು ಅವುಗಳ ಜಾಗದಲ್ಲಿ ಹಿಂದಿನ ಪಾಠಗಳ ಶ್ರೀಮಂತ ಪದಗಳನ್ನು ಕೂರಿಸಿದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಹೀಗಿತ್ತು: ತೃತೀಯ ಉಪಕರಣದ ಜಲವಾಹಿನಿಯ ಸ್ಥಿತಿ ಅತಿ ವಿಷಮವಾಗಿದೆ, ಇನ್ನೇನು ಎರಗಲಿರುವ ಈ ಘೋರ ವಿಪತ್ತು ಯಾರಿಂದಲೂ ತಡೆಯಲಾರದ್ದು, ಸಮಸ್ತ ಸಂಸ್ಥೆಯೂ ಜಲಾವೃತವಾಗಿ ಸರ್ವನಾಶವಾಗುವುದು ನಿಶ್ಚಯ. ವೇಳೆ: ಎಂಟು ಗಂಟೆ ಹತ್ತು ನಿಮಿಷ.

ಬರೆದು, ಪೈಪಿನ ಕೆಳಗೆ ಒಂದು ಮಗ್ಗು ಇಟ್ಟ.

ಮೊದಲು ಬಂದವರು ಮ್ಯಾನೇಜರು. ಪುಸ್ತಕದ ಮುಂದೆ ನಿಂತು ಕನ್ನಡಕ ಹಾಕಿಕೊಂಡರು, ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಅದು ಕನ್ನಡಕದ ದೋಷವಲ್ಲವೆಂದು ಖಚಿತವಾದ ಮೇಲೆ ತಲೆದೂಗಿ ಸಹಿ ಹಾಕಿದರು. ಭಾಷೆ ಸುಧಾರಿಸಿದೆ ಎಂದು ಗುಮಾಸ್ತನ ಬೆನ್ನು ತಟ್ಟಿ, ಮಾಲೀಕರಿಗೆ ತೋರಿಸಲು ಲಾಂಡ್ರಿಯ ಲೆಕ್ಕ ವಿವರಗಳ ಒಂದು ತಖ್ತೆ ಬರೆದುಕೊಡು ಬಾ ಎಂದು ಅವನನ್ನು ಅಂಗಳದಾಚೆಯ ಕಚೇರಿಗೆ ಕರೆದುಕೊಂಡು ಹೋದರು.

ಆಮೇಲೆ ಬಂದವನು ಫಿಟ್ಟರು. ಅವನು ಪುಸ್ತಕದಲ್ಲಿ ಪೈಪನ್ನು ಹುಡುಕಿದ, ಸಿಗಲಿಲ್ಲ. ಲೀಕನ್ನು ಹುಡುಕಿದ, ಅದೂ ಇಲ್ಲ. ತನಗೆ ಕೆಲಸವಿಲ್ಲವೆಂದು ಸಂತೋಷದಿಂದ ಸಹಿ ಹಾಕಲು ಬಗ್ಗಿದವನು ಹಾಗೇ ನಿಂತ. ಮೂರು ಸಾಲು. ಮೂವತ್ತು ವರ್ಷದಲ್ಲಿ ಆ ಪುಸ್ತಕದಲ್ಲಿ ಮೂರು ಸಾಲು ಬರೆದದ್ದು ಒಂದೇ ಸಲ, ಬಟ್ಟೆ ಒಣಗಿಸುವ ಕೋಣೆ ಹೊತ್ತಿಕೊಂಡ ದಿನ. ಅದು ಕಾರ್ಖಾನೆಯ ಎಲ್ಲರಿಗೂ ಗೊತ್ತು. ಒಂದು ಸಾಲೆಂದರೆ ರಿಪೇರಿ, ಮೂರು ಸಾಲೆಂದರೆ ಬೆಂಕಿ. ಕೆಳಗೆ ಮ್ಯಾನೇಜರ ಸಹಿ ಬೇರೆ.

ಅವನು ಬಾಯ್ಲರಿನವನನ್ನು ಕರೆತಂದು ಪುಟ ತೋರಿಸಿದ.

"ಓದಿದ್ಯಾ?" ಎಂದು ಕೇಳಿದ.

"ಓದ್ದೆ," ಎಂದ ಬಾಯ್ಲರಿನವನು, ಸಾಲುಗಳನ್ನು ಬೆರಳಿನಿಂದ ಎಣಿಸಿ. "ನೀನು?"

"ನಾನಾಗ್ಲೇ ಓದ್ದೆ."

"ಮತ್ತೆ ನಿಂತಿದ್ದೀಯಲ್ಲ?"

"ನೀನೂ ನಿಂತಿದ್ದೀಯ."

ಇದಕ್ಕಿಂತ ಹೆಚ್ಚಿನ ವಿಚಾರಣೆ ಇಬ್ಬರಿಗೂ ಅಪಾಯವಾಗಿತ್ತು. ಮಾಲೀಕರು ಬರುವ ದಿನ, ಪುಸ್ತಕ ಓದಲು ಬಾರದೆಂದು ಯಾರು ಹೇಳಿಕೊಳ್ಳುತ್ತಾರೆ. ಇಬ್ಬರೂ ಸಹಿ ಹಾಕಿದರು. ಫಿಟ್ಟರು ಮಾಳಿಗೆಗೆ ಓಡಿ, ಬೆಂಕಿ ಆರಿಸಲು ಬೇಕಾದೀತೆಂದು ಪಂಪು ಹಾಕಿ ದೊಡ್ಡ ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿದ, ಆಮೇಲೆ ಒಗೆಯುವ ಹಾಲಿಗೆ ಬಂದು ಟ್ಯಾಂಕಿನಿಂದ ಇಳಿಯುವ ಪೈಪಿನ ತಿರುಪನ್ನು ಪೂರ್ತಿ ಬಿಚ್ಚಿದ. ಬಾಯ್ಲರಿನವನು ಒಲೆ ಆರಿಸಿ, ಒಂದೊಂದು ಯಂತ್ರದ ನಲ್ಲಿಯನ್ನೂ ಭದ್ರವಾಗಿ ಮುಚ್ಚಿದ. ಮೂರನೇ ಯಂತ್ರದ ನಲ್ಲಿಯನ್ನೂ ಮುಚ್ಚಿದ. ಆದರೆ ಸೋರುವ ಜೋಡಣೆ ಇದ್ದದ್ದು ನಲ್ಲಿಗಿಂತ ಮೊದಲು. ಆಮೇಲೆ ಇಸ್ತ್ರಿ ಅಕ್ಕನಿಗೆ ಪುಸ್ತಕ ತೋರಿಸಿದ. ಅವಳು ಗುಮಾಸ್ತ ಎಲ್ಲಿ ಎಂದು ಒಂದು ಸಲ ಸುತ್ತ ನೋಡಿ, ಕಾಣದೆ, ಹೊಲಿಗೆ ಹಾಕಿದಂತೆ ಸಹಿ ಹಾಕಿದಳು. ಅವಳು ನೋಡಿದ್ದು ಪುಸ್ತಕವನ್ನಲ್ಲ, ಬಾಯ್ಲರಿನವನ ಮುಖವನ್ನು. ಅದನ್ನು ಓದಲು ಅವಳಿಗೆ ಬರುತ್ತಿತ್ತು.

ಐದು ನಿಮಿಷದಲ್ಲಿ ಹನ್ನೆರಡು ಹೆಂಗಸರೂ ಬೀದಿಯಲ್ಲಿದ್ದರು. ಆಸ್ಪತ್ರೆಗೆ ಹೋಗಲು ಸಿದ್ಧವಾಗಿದ್ದ ಇಸ್ತ್ರಿಯಾದ ಗಂಟುಗಳನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಬೆಂಕಿ ಬಾರದ ಜಾಗ ಕಾರ್ಖಾನೆಯಲ್ಲಿ ಒಂದೇ, ಒಗೆಯುವ ಹಾಲು. ಅಲ್ಲಿ ಉರಿಯುವಂಥದ್ದು ಏನೂ ಇಲ್ಲ. ಅಕ್ಕ ಮತ್ತು ಬಾಯ್ಲರಿನವನು ಗಂಟುಗಳನ್ನೆಲ್ಲ ನಾಲ್ಕು ಮೆಟ್ಟಿಲು ಇಳಿಸಿ ಹಾಲಿನ ನಡುವೆ ಪೇರಿಸಿದರು. ನೆಲದಲ್ಲಿ ಒಂದಿಷ್ಟು ಒಣಗಿದ್ದ ಜಾಗವೆಂದರೆ ನೀರು ಹೊರಹೋಗುವ ಜಾಲರಿಯ ಸುತ್ತಲಿನದು. ಗಂಟುಗಳು ಅದರ ಮೇಲೇ ಕೂತವು. ಕೊನೆಗೆ ಬಾಯ್ಲರಿನವನು ಮುಖ್ಯ ಸ್ವಿಚ್ಚನ್ನು ಇಳಿಸಿ ಬಾಗಿಲು ಹಾಕಿಕೊಂಡು ಬಂದ.

ಕಚೇರಿಯಲ್ಲಿ ಫ್ಯಾನು ನಿಂತಿತು. ಮ್ಯಾನೇಜರು ಮಾಲೀಕರ ಕುರ್ಚಿ ಒರೆಸಿಸಲು ಹೊರಗೆ ಹೋಗಿದ್ದರು. ಗುಮಾಸ್ತ ತಖ್ತೆಯ ನಾಲ್ಕನೇ ಪುಟದಲ್ಲಿ ಟವೆಲುಗಳ ಬಗ್ಗೆ ಒಂದು ಉದಾತ್ತ ವಾಕ್ಯ ಕಟ್ಟುತ್ತಿದ್ದವನು ಕಿಟಕಿಯಿಂದ ಇಣುಕಿದ. ಕಾರ್ಖಾನೆಯ ಜನವೆಲ್ಲ ಬೀದಿಯ ಆಚೆ ಬದಿಯಲ್ಲಿತ್ತು. ಎದುರಿನ ಕ್ಷೌರಿಕ ಅರ್ಧ ಗಡ್ಡದ ಗಿರಾಕಿಯ ಸಮೇತ ಹೊರಗೆ ಬಂದಿದ್ದ. ಸೈಕಲ್ ಅಂಗಡಿಯವನು ಎರಡು ಬಕೆಟ್ ಮರಳು ತಂದಿಟ್ಟುಕೊಂಡು ಯಾವಾಗ ಎಸೆಯಲಿ ಎಂದು ಕಾಯುತ್ತಿದ್ದ.

ಗುಮಾಸ್ತ ಓಡಿಬಂದ. ಬೆಂಕಿ ಎಂದರು. ಎಲ್ಲಿ ಎಂದು ಕೇಳಿದ. ಒಳಗೆ ಎಂದರು. ಹೊಗೆ ಕಾಣುವುದಿಲ್ಲವಲ್ಲ ಎಂದ.

"ಮೊದ್ಲು ಕಾಣಲ್ಲ, ಆಮೇಲೆ ಕಾಣುತ್ತೆ," ಎಂದ ಕ್ಷೌರಿಕ. "ಒಳಗೊಳಗೇ ಹತ್ಕೊಂಡಿರುತ್ತೆ."

ಯಾರೋ ಎಚ್ಚರಿಕೆ ಕೊಟ್ಟರಂತೆ, ಅವನ ಹೊಟ್ಟೆ ತಣ್ಣಗಿರಲಿ ಎಂದಳು ಇಸ್ತ್ರಿ ವಿಭಾಗದ ಒಬ್ಬ ಹೆಂಗಸು. ಯಾರು ಕೊಟ್ಟದ್ದು ಎಂದು ಗುಮಾಸ್ತನೂ ವಿಚಾರಿಸಿದ. ಫಿಟ್ಟರು ಅವನನ್ನು ವಿಚಿತ್ರವಾಗಿ ನೋಡಿದ.

"ಏನ್ ಲೆಕ್ಕಣ್ಣ, ತಮಾಷೆ ಮಾಡ್ತೀಯಾ? ಪುಸ್ತಕದಲ್ಲಿ ಬರೆದೋನು ನೀನೇ ತಾನೇ?"

ಗುಮಾಸ್ತನಿಗೆ ಒಂದೇ ಸಲಕ್ಕೆ ಎಲ್ಲವೂ ಅರ್ಥವಾಯಿತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ನಿಂತ. ಅಷ್ಟು ಹೊತ್ತಿಗೆ ಮ್ಯಾನೇಜರು ಬಂದರು. ಅವರಿಗೆ ಸುದ್ದಿ ತಲುಪಿ, ಅವರಿಂದ ಫೋನಿನಲ್ಲಿ ಮಾಲೀಕರಿಗೂ ತಲುಪಿಯಾಗಿತ್ತು. ಬೆಳಿಗ್ಗೆಯೇ ವರದಿ ಓದಿ ತಾವೇ ಮುನ್ನೆಚ್ಚರಿಕೆ ವಹಿಸಿದ್ದಾಗಿ ಅವರು ಹೇಳಿಬಿಟ್ಟಿದ್ದರು. ಗುಮಾಸ್ತ ಅವರನ್ನು ಗೋಡೆಯ ಮರೆಗೆ ಕರೆದ. ಅವನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು:

"ನಾನು ಓದಿ, ಅರ್ಥ ಮಾಡ್ಕೊಂಡೇ ಸಹಿ ಹಾಕಿದ್ದು, ಅದು ಬೇರೆ ಮಾತು. ಏನಪ್ಪಾ ಬರೆದಿದ್ದೀಯ ಅದ್ರಲ್ಲಿ?"

"ಪೈಪು ತೊಟ್ಟಿಕ್ತಾ ಇದೆ ಅಂತ ಸಾರ್."

"ಆಮೇಲೆ?"

"ಅಷ್ಟೇ."

ಮ್ಯಾನೇಜರು ಬೀದಿಯ ಕಡೆ ನೋಡಿದರು. ಅಲ್ಲಿ ಈಗ ಪಕ್ಕದ ಶಾಲೆಯ ಮಾಸ್ತರರೂ ಬಂದು ಸೇರಿದ್ದರು.

"ಮೂರು ಸಾಲು ಬರೆದಿದ್ದೀಯಲ್ಲೋ."

"ಪದ ಜಾಸ್ತಿ ಇದ್ವು ಸಾರ್."

ಗುಮಾಸ್ತ ತಾನು ಈಗಲೇ ಒಳಗೆ ಹೋಗಿ ಆ ಪೈಪಿನ ತಿರುಪನ್ನು ಮುಚ್ಚಿ ಬರುವುದಾಗಿ ಹೇಳಿದ. ಮ್ಯಾನೇಜರು ಅವನ ತೋಳು ಹಿಡಿದುಕೊಂಡರು. ಬೆಂಕಿಯೊಳಗೆ ಹೋದವನು ಕೂದಲೂ ಕೊಂಕದೆ ಹೊರಗೆ ಬಂದರೆ ಜನ ಏನೆಂದುಕೊಳ್ಳುತ್ತಾರೆ? ಬೆಂಕಿಯೇ ಇಲ್ಲವೆಂದಾದರೆ ನಾಲ್ಕು ಸಹಿಗಳು ಸುಳ್ಳಾಗುತ್ತವೆ, ನಾಲ್ಕರಲ್ಲಿ ಮೊದಲನೆಯದು ತಮ್ಮದು. ನಾಲ್ಕು ಗಂಟೆಯವರೆಗೆ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆ, ಸಕಾಲದಲ್ಲಿ ಒಲೆ ಆರಿಸಿದ್ದರಿಂದ ಅನಾಹುತ ತಪ್ಪಿತು ಎಂದಾಗುತ್ತದೆ. ತಪ್ಪಿಸಿದವರು ಮ್ಯಾನೇಜರು, ಎಚ್ಚರಿಸಿದವನು ಗುಮಾಸ್ತ. ಕೋಣೆಯ ಬೀಗದ ಕೈ ಇನ್ನೆಲ್ಲಿಗೆ ಹೋಗುತ್ತದೆ?

"ತೊಟ್ಟಿಕ್ಕೋ ನೀರು ತಾನೇ," ಎಂದರು. "ಎಷ್ಟು ತೊಟ್ಟಿಕ್ಕೀತು?"

ಮಾತು ಸರಿಯಾಗಿ ಕಂಡಿತು. ಗುಮಾಸ್ತ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಏಳೆಣಿಸಿದರೆ ಒಂದು ತೊಟ್ಟು, ನಾಲ್ಕು ಗಂಟೆಯೊಳಗೆ ಒಂದು ಕೊಡವೂ ತುಂಬುವುದಿಲ್ಲ. ಅವನು ಹಾಕಿದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಉಳಿದ ಯಂತ್ರಗಳ ನಲ್ಲಿಗಳೆಲ್ಲ ಮುಚ್ಚಿವೆ, ಮಾಳಿಗೆಯ ಮೇಲೆ ತುಂಬಿದ ಟ್ಯಾಂಕಿನ ಅಷ್ಟೂ ಭಾರ ಒಂದು ಸವೆದ ರಬ್ಬರು ಬಿಲ್ಲೆಯ ಮೇಲೆ ಕೂತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಬೀದಿಯಲ್ಲಿ ಕಾಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಇಸ್ತ್ರಿಯ ಹೆಂಗಸರು ಜಗಲಿಯ ಮೇಲೆ ಕೂತು ಬುತ್ತಿ ಬಿಚ್ಚಿದರು. ಮಾಸ್ತರರು ಬೆಂಕಿ ಹುಟ್ಟುವ ಕಾರಣಗಳನ್ನು ವಿವರಿಸಿದರು. ಸೈಕಲ್ ಅಂಗಡಿಯವನು ತಾಳ್ಮೆಗೆಟ್ಟು ಒಂದು ಬಕೆಟ್ ಮರಳನ್ನು ಬಾಗಿಲಿಗೆ ಎಸೆದು ಬಂದ. ಗುಮಾಸ್ತನಿಗೆ ನಾಲ್ಕು ಜನ ಕೈಮುಗಿದರು. ನಿನ್ನಿಂದ ನಮ್ಮ ಬೀದಿ ಉಳಿಯಿತು ಎಂದು ಕ್ಷೌರಿಕ ಬಿಟ್ಟಿ ಕ್ಷೌರ ಮಾಡಲು ಕರೆದ. ಗುಮಾಸ್ತ ಹೋಗಿ ಕೂತ. ಬಿಸಿಲಿನಲ್ಲಿ ಅವನ ಅಂಗಿ ಒಣಗಿತ್ತು, ಕೆಮ್ಮು ಕಡಿಮೆಯಾಗಿತ್ತು. ಕನ್ನಡಿಯಲ್ಲಿ ಮೇಲ್ವಿಚಾರಕನ ಮುಖವೇ ಕಾಣುತ್ತಿತ್ತು.

ನಾಲ್ಕಕ್ಕೆ ಸರಿಯಾಗಿ ಮಾಲೀಕರ ಕಾರು ಬಂತು. ಅರವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಎಲ್ಲರೂ ಅವರನ್ನು ಅಮ್ಮಾವ್ರು ಎನ್ನುತ್ತಿದ್ದರು. ಅವರು ಮರಳು ತುಳಿದುಕೊಂಡು ಹೋಗಿ ಬಾಗಿಲು ತೆಗೆಸಿದರು. ಹಿಂದೆ ಮ್ಯಾನೇಜರು, ಅವರ ಹಿಂದೆ ನುಣ್ಣಗೆ ಗಡ್ಡ ಹೆರೆಸಿಕೊಂಡ ಗುಮಾಸ್ತ, ಅವನ ಹಿಂದೆ ಉಳಿದವರು.

ಒಗೆಯುವ ಹಾಲು ಕೆರೆಯಾಗಿತ್ತು. ನಾಲ್ಕು ಮೆಟ್ಟಿಲುಗಳಲ್ಲಿ ಒಂದೇ ಕಾಣುತ್ತಿತ್ತು. ಆಸ್ಪತ್ರೆಯ ದಿಂಬಿನ ಕವರುಗಳು ಬಾತುಕೋಳಿಗಳಂತೆ ತೇಲುತ್ತಿದ್ದವು. ಮೂರನೇ ಯಂತ್ರದ ಬಳಿ ಕಿತ್ತುಹೋದ ಪೈಪಿನಿಂದ ನೀರು ಇನ್ನೂ ಹಾರುತ್ತಲೇ ಇತ್ತು. ಫಿಟ್ಟರು ಪಂಚೆ ಎತ್ತಿಕೊಂಡು ಇಳಿದು ತಿರುಪು ಮುಚ್ಚಿದ. ಬೆಳಿಗ್ಗೆಯಿಂದ ಬೆಂಕಿಗಾಗಿ ಕಾದವರಿಗೆ ನೀರು ಕಂಡಾಗ ಏನು ಹೇಳಬೇಕೆಂದು ತೋಚಲಿಲ್ಲ.

ಅಮ್ಮಾವ್ರು ಬಾಗಿಲ ಬಳಿಯ ಪುಸ್ತಕವನ್ನು ಕೈಗೆ ತೆಗೆದುಕೊಂಡರು. ಆ ಕಾರ್ಖಾನೆಯಲ್ಲಿ ನಿಜವಾಗಿ ಇಂಗ್ಲಿಷ್ ಓದಬಲ್ಲವರು ಅವರೊಬ್ಬರೇ ಎಂಬುದು ಅವರಿಗೂ ಗೊತ್ತಿರಲಿಲ್ಲ. ಮೂರು ಸಾಲನ್ನೂ ನಿಧಾನವಾಗಿ ಓದಿ, ನಮ್ಮ ಮಾತಿನಲ್ಲಿ ಗಟ್ಟಿಯಾಗಿ ಹೇಳಿದರು. ಮೂರನೇ ಯಂತ್ರ. ನೀರಿನ ಪೈಪು. ಯಾರಿಂದಲೂ ತಡೆಯಲಾಗದು. ಎಲ್ಲ ಮುಳುಗುತ್ತದೆ.

ಸಹಿ ಹಾಕಿದ ನಾಲ್ವರದೂ ಬರೆದವನದೂ ಉಸಿರು ಒಟ್ಟಿಗೇ ಸಡಿಲವಾಯಿತು.

"ಅದಕ್ಕೇ ಅಮ್ಮಾ, ಬಾಯ್ಲರಿಗೆ ತಣ್ಣೀರು ತಗುಲಿದ್ರೆ ಸಿಡಿಯುತ್ತೆ ಅಂತ ಒಲೆ ಆರಿಸ್ದೆ," ಎಂದ ಬಾಯ್ಲರಿನವನು. "ನೀರಲ್ಲಿ ಕರೆಂಟು ಹೊಡೀಬಾರ್ದು ಅಂತ ಸ್ವಿಚ್ಚೂ ಇಳಿಸ್ದೆ."

ನಾನೇ ಹೇಳಿದ್ದು ಎಂದರು ಮ್ಯಾನೇಜರು. ಫಿಟ್ಟರು ತಾನು ಬೆಳಿಗ್ಗೆಯಿಂದ ನೀರಿನ ವ್ಯವಸ್ಥೆಯನ್ನೇ ನೋಡಿಕೊಳ್ಳುತ್ತಿದ್ದೆ ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇಸ್ತ್ರಿ ಅಕ್ಕ ಹೆಂಗಸರನ್ನು ತೋರಿಸಿ, ಹನ್ನೆರಡೂ ಜನ ಒಣಗಿದ್ದಾರೆ ನೋಡಿ ಎಂದಳು. ಬಟ್ಟೆಗಳ ವಿಷಯ ಕೇಳಿದಾಗ, ಜನರನ್ನು ನೋಡಿಕೊಳ್ಳುವುದು ತನ್ನ ಕೆಲಸ, ಗಂಟುಗಳು ಲೆಕ್ಕದವರ ಸುಪರ್ದು ಎಂದಳು. ಅದೂ ನಿಯಮದಲ್ಲೇ ಇತ್ತು.

ಅಮ್ಮಾವ್ರು ಗುಮಾಸ್ತನ ಕಡೆ ತಿರುಗಿದರು.

"ಇದನ್ನ ಬರೆದಿದ್ದು ನೀವು?"

"ಹೌದಮ್ಮ."

"ಅರ್ಥ ಗೊತ್ತಿದ್ದೇ ಬರೆದಿದ್ದು?"

ಇಲ್ಲವೆಂದರೆ ವರದಿ ಬರೆಯುವವನ ಕೆಲಸ ಹೋಗುತ್ತಿತ್ತು. ಹದಿನೇಳು ಪಾಠ ಓದಿದವನು ಹಾಗೆ ಹೇಳುವುದಾದರೂ ಹೇಗೆ? ಒಂದೊಂದು ಪದದ ಅರ್ಥವೂ ಗೊತ್ತು ಎಂದ ಗುಮಾಸ್ತ.

"ಎಂಟೂ ಹತ್ತಕ್ಕೆ ಬರೆದಿದ್ದೀರಿ. ಎಲ್ಲ ಮುಳುಗುತ್ತೆ ಅಂತ ಎಂಟೂ ಹತ್ತಕ್ಕೇ ಗೊತ್ತಿತ್ತು."

ಗುಮಾಸ್ತ ಮ್ಯಾನೇಜರನ್ನು ನೋಡಿದ. ಮ್ಯಾನೇಜರು ದಿಂಬಿನ ಕವರುಗಳನ್ನು ನೋಡುತ್ತಿದ್ದರು.

"ಆ ಪೈಪಿನ ತಿರುಪು ನಿಮ್ಮ ಮೇಜಿನಿಂದ ಎಷ್ಟು ದೂರ?"

"ನಾಲ್ಕು ಹೆಜ್ಜೆ ಅಮ್ಮ."

ಅಮ್ಮಾವ್ರು ಪುಸ್ತಕ ಮುಚ್ಚಿ ದಾರಕ್ಕೆ ಬಿಟ್ಟರು. ಬಯ್ಯಲಿಲ್ಲ. ಇಷ್ಟು ಸ್ಪಷ್ಟವಾದ ವರದಿಯನ್ನು ತಾವು ಈವರೆಗೆ ಓದಿಲ್ಲವೆಂದೂ, ಇಷ್ಟು ಸ್ಪಷ್ಟವಾಗಿ ಗೊತ್ತಿದ್ದೂ ಕೈ ಆಡಿಸದ ಮನುಷ್ಯನನ್ನು ಈವರೆಗೆ ಕಂಡಿಲ್ಲವೆಂದೂ ಹೇಳಿದರು. ಓದಿದ ಕೂಡಲೇ ಅರ್ಥ ಮಾಡಿಕೊಂಡು ಜನರನ್ನು ಹೊರಗೆ ಕರೆತಂದವರು ಬೇಕು ತಮಗೆ, ಬರೆಯುವವರಲ್ಲ. ಕೋಣೆ ಇಸ್ತ್ರಿ ಅಕ್ಕನದು. ವಾರದ ವರದಿಯನ್ನು ಇನ್ನು ಮೇಲೆ ಗುಮಾಸ್ತ ತನ್ನ ಮೇಜಿನಲ್ಲೇ ಕೂತು ಬರೆದು, ಮೇಲೆ ಕಳಿಸಿ, ಅಕ್ಕನಿಂದ ತಿದ್ದಿಸಿಕೊಳ್ಳಬೇಕು.

ಗುಮಾಸ್ತ ಬಾಯಿ ತೆರೆದ. ಇಸ್ತ್ರಿ ಅಕ್ಕನಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ ಎನ್ನಬಹುದಿತ್ತು. ಆಗ ಉಳಿದ ಸಹಿಗಳ ಮಾತೂ ಬರುತ್ತಿತ್ತು. ಮ್ಯಾನೇಜರು ಈಗ ಕವರುಗಳನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು. ಅವನು ಬಾಯಿ ಮುಚ್ಚಿದ.

"ಹೆದರ್ಬೇಡ ಲೆಕ್ಕಣ್ಣ," ಎಂದಳು ಇಸ್ತ್ರಿ ಅಕ್ಕ, ಮೆಟ್ಟಿಲೇರುತ್ತ. "ನಾನು ಜಾಸ್ತಿ ಏನೂ ತಿದ್ದಲ್ಲ."

ನೀರನ್ನು ಹೊರಗೆ ಹಾಕುವಷ್ಟರಲ್ಲಿ ಸಂಜೆ ಆರು ಗಂಟೆಯಾಯಿತು. ನಷ್ಟವನ್ನು ಬರೆಯುವುದು ಗುಮಾಸ್ತನ ಕೆಲಸವೇ ಆಗಿದ್ದರಿಂದ ಅವನು ಒದ್ದೆ ಮೇಜಿನ ಮೇಲೆ ಕೂತು ಬರೆದ. ಆಸ್ಪತ್ರೆಯ ಹಾಸು ಹೊದಿಕೆ ಇನ್ನೂರ ಹತ್ತು. ದಿಂಬಿನ ಕವರು ನೂರ ಎಂಬತ್ತು. ಡಾಕ್ಟರರ ನಿಲುವಂಗಿ ಅರವತ್ತೆರಡು. ಸೋಪಿನ ಪುಡಿ ಒಂಬತ್ತು ಮೂಟೆ. ಮೋಟಾರು ಎರಡು. ಮಗ್ಗು ಒಂದು. ಮೇಲ್ವಿಚಾರಕನ ಹುದ್ದೆ ಒಂದು.